ಚಳಿಗಾಲ ಮತ್ತು ಮನೆಯ ನಾಯಿಮರಿ

ಬಳ್ಳಾರಿ ಸೀಮೆ ಅಂದರೆ ಬರೀ ಬಿಸಿಲು ಅನ್ನುವವರೇ ಹೆಚ್ಚು. ಆದರೆ ಸಿರಿಗೇರಿ, ಕುರುಗೋಡಿನ ಕಡೆ ಡಿಸೆಂಬರ್–ಜನವರಿಯ ಬೆಳಗಿನ ಥಂಡಿ ನಿಮಗೆ ಗೊತ್ತೇ ಇದೆ. ಮಕ್ಕಳು ಹಟ ಹಿಡಿದು ತಂದ ನಾಯಿಮರಿ ಏಟು ತಿನ್ನುವುದೂ ಈ ದಿನಗಳಲ್ಲೇ. ಅಂಗಳಕ್ಕೆ ಬಿಟ್ಟರೆ ನಡುಗುತ್ತಾ ಬಾಗಿಲಿಗೆ ಓಡಿಬರುತ್ತೆ. ಒಳಗೆ ಬಂದ ಕೂಡಲೇ ಒರೆಸಿದ ನೆಲದ ಮೇಲೆ ಉಚ್ಚೆ! ಅದು ಮೊಂಡುತನವಲ್ಲ ಸೋದರಿಯರೇ, ಚಳಿ.

2 ತಿಂಗಳ ಮರಿ 2–3 ತಾಸಿಗಿಂತ ಹೆಚ್ಚು ಹೊತ್ತು ತಡೆದುಕೊಳ್ಳಲಾರದು. ನಿದ್ದೆಯಿಂದ ಎದ್ದಾಗ, ಉಂಡ ಮೇಲೆ, ಆಡಿದ ಮೇಲೆ, ರಾತ್ರಿ ಮಲಗುವ ಮುಂಚೆ ಹೊರಗೆ ಒಯ್ಯಿರಿ. ಬಾಗಿಲು ತೆಗೆದು ದೂಡಿದರೆ ಸಾಲದು. ಶಾಲು ಹೊದ್ದು ನೀವೂ ಜೊತೆಗೆ ನಿಲ್ಲಿ. ಗಾಳಿ ತಾಗದ ಗೋಡೆಯ ಮರೆಯಲ್ಲಿ ಒಂದೇ ಜಾಗ ಗೊತ್ತುಮಾಡಿ. ಕೆಲಸ ಮುಗಿಸಿದ ಕೂಡಲೇ ಅಲ್ಲೇ ಮೈ ಸವರಿ, ಒಂದು ಚೂರು ರೊಟ್ಟಿ ಕೊಡಿ.

ಒಳಗೇ ಮಾಡಿಬಿಟ್ಟರೆ? ಹೊಡೀಬೇಡಿ, ಮೂತಿ ತಿಕ್ಕಬೇಡಿ. ಏಟು ತಿಂದ ಮರಿ ಹೊರಗೆ ಹೋಗೋದು ಕಲಿಯೋದಿಲ್ಲ. ನಿಮ್ಮ ಕಣ್ಣು ತಪ್ಪಿಸಿ ಮಂಚದ ಕೆಳಗೆ ಹೋಗೋದು ಕಲಿಯುತ್ತೆ. ಸೋಪಿನ ನೀರಿನಲ್ಲಿ ತೊಳೆದು, ವಿನಿಗರ್ ಬೆರೆಸಿದ ನೀರಿನಿಂದ ಒರೆಸಿ. ವಾಸನೆ ಉಳಿದರೆ ಮತ್ತೆ ಅಲ್ಲಿಗೇ ಬರುತ್ತೆ. ಫಿನಾಯಿಲ್ ಬೇಡ, ನೆಕ್ಕಿದರೆ ವಿಷ.

ಮಲಗಲು ಒಣಗಿದ ಗೋಣಿಚೀಲ, ಮೇಲೊಂದು ಹಳೇ ಸೀರೆ ಸಾಕು. ಉಚ್ಚೆಗೆ ಹೆದರಿ ಕುಡಿಯುವ ನೀರು ಕಡಿಮೆ ಮಾಡಬೇಡಿ. 3 ತಿಂಗಳಾದಾಗ ಪಶು ಆಸ್ಪತ್ರೆಯಲ್ಲಿ ರೇಬೀಸ್ ಚುಚ್ಚುಮದ್ದು ಹಾಕಿಸುವುದನ್ನು ಮರೆಯಬೇಡಿ.

ಬೇಸತ್ತು ಮರಿಯನ್ನು ಊರಾಚೆ ಬಿಟ್ಟುಬರಬೇಡಿ. ಬಯಲಿನ ಥಂಡಿಯಲ್ಲಿ ಅದು ಬದುಕುವುದು ಕಷ್ಟ. ಸ್ವಲ್ಪ ತಾಳ್ಮೆಯಿರಲಿ. ಬಿಸಿಲುಗಾಲ ಬರುವಷ್ಟರಲ್ಲಿ ಅದೇ ಬಾಗಿಲ ಹತ್ತಿರ ನಿಂತು ಕುಂಯ್ ಅಂದು ನಿಮ್ಮನ್ನು ಕರೆಯುತ್ತೆ.