ಹತ್ತು ಮಂದಿಯ ಮೇಲಿನ ನಾಯಕ

ಮಾರಿಕುಪ್ಪದಿಂದ ಮುಂಜಾನೆ ಹೊರಡುವ ರೈಲು ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳನ್ನು ದಾಟಿ ಬಂಗಾರಪೇಟೆ ತಲಪುವಷ್ಟರಲ್ಲಿ ಕುಳಿತುಕೊಳ್ಳಲು ಸ್ಥಳ ದೊರೆತರೆ ಅದೇ ಭಾಗ್ಯ. 2001ರ ಫೆಬ್ರುವರಿ ಕೊನೆಯಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಗಣಿಗಳನ್ನು ಮುಚ್ಚಿದ ಮೇಲೆ ಈ ಚಿನ್ನದ ನೆಲದ ಅನ್ನ ಬಹುಪಾಲು ಬೆಂಗಳೂರಿನಲ್ಲಿದೆ. ವೈಟ್‌ಫೀಲ್ಡ್, ಕೃಷ್ಣರಾಜಪುರಗಳಲ್ಲಿ ಇಳಿಯುವ ಜನಸಂದಣಿಯಲ್ಲಿ ಕಾವಲುಗಾರರಿದ್ದಾರೆ, ದಾದಿಯರಿದ್ದಾರೆ, ಕಟ್ಟಡ ಕೆಲಸದವರಿದ್ದಾರೆ. ಅವರೊಡನೆ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ನಮ್ಮ ಯುವಕ ಯುವತಿಯರೂ ಇದ್ದಾರೆ. ಅಜ್ಜ ಪಾತಾಳಕ್ಕಿಳಿದು ಬಂಡೆ ಒಡೆದವನು. ಮೊಮ್ಮಗಳು ಗಣಕಯಂತ್ರದ ಮುಂದೆ ಕುಳಿತವಳು.

ಇವರಲ್ಲಿ ಕೆಲವರು ನಾಲ್ಕಾರು ವರ್ಷಗಳ ಅನುಭವ ಪಡೆದು ಈಗ ತಾವೇ ಆರೆಂಟು ಮಂದಿಯ ತಂಡಕ್ಕೆ ಮುಖ್ಯಸ್ಥರಾಗಿದ್ದಾರೆ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಅವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸ್ವಾಮಿ, ತಂಡದವರನ್ನು ಹುರಿದುಂಬಿಸುವುದು ಹೇಗೆ?" ಪ್ರೋಗ್ರಾಂ ಬರೆಯುವ ವಿದ್ಯೆ ನನಗೆ ತಿಳಿಯದು. ಆದರೂ ಆ ಪ್ರಶ್ನೆಯ ಒಳಗೇ ಒಂದು ತಪ್ಪು ಗ್ರಹಿಕೆ ಅಡಗಿದೆ ಎಂದು ನನಗೆ ತೋರುತ್ತದೆ. ಕೀಲಿ ಕೊಟ್ಟರೆ ಓಡುವ ಗಡಿಯಾರದಂತೆ ಮನುಷ್ಯನಿಗೂ ಹೊರಗಿನಿಂದ ಕೀಲಿ ಕೊಡಬೇಕು ಎಂಬ ಗ್ರಹಿಕೆ ಅದು.

ಅರಿಸ್ಟಾಟಲನು ಕಾರಣಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದನು. ಇಲ್ಲಿ ಎರಡು ಸಾಕು: ಹಿಂದಿನಿಂದ ದೂಡುವ ಕಾರಣ ಒಂದು, ಮುಂದಿನಿಂದ ಸೆಳೆಯುವ ಗುರಿ ಇನ್ನೊಂದು. ಬಹುಮಾನ, ಬೆದರಿಕೆ, ಶುಕ್ರವಾರ ಸಂಜೆಯ ಪಿಜ್ಜಾ ಇವೆಲ್ಲ ದೂಡುವ ಕಾರಣಗಳು. (ಬಂಗಾರಪೇಟೆಯ ಪಾನಿಪುರಿ ತಂದುಕೊಟ್ಟರೆ ಇನ್ನೂ ಸಂತೋಷಪಟ್ಟಾರು, ಅದು ಬೇರೆ ಮಾತು.) ಸಿಕ್ಕಾದ ತಪ್ಪೊಂದನ್ನು ಹುಡುಕುತ್ತ ಊಟ ಮರೆತು ಕುಳಿತ ತರುಣನನ್ನು ಯಾರೂ ದೂಡಿರುವುದಿಲ್ಲ, ಆ ಕೆಲಸವೇ ಅವನನ್ನು ಸೆಳೆದಿರುತ್ತದೆ. ಸೆಳೆತವನ್ನು ಮುಖ್ಯಸ್ಥನು ಸೃಷ್ಟಿಸಲಾರ. ಆದರೆ ಅದನ್ನು ಕೊಲ್ಲುವುದು ಅವನಿಗೆ ಬಹಳ ಸುಲಭ.

ಅದನ್ನು ಕೊಲ್ಲುವುದು ಹೆಚ್ಚಾಗಿ ಭಯ. ತರುಣಿಯೊಬ್ಬಳು ಹೇಳಿದ ಸಂಗತಿಯನ್ನು ಕೇಳಿ. ಅವಳ ತಂಡಕ್ಕೆ ಒಪ್ಪಿಸಿದ ಕೆಲಸ ಗಡುವಿನೊಳಗೆ ಮುಗಿಯದೆಂಬುದು ಮೊದಲ ತಿಂಗಳಲ್ಲೇ ಎಲ್ಲರಿಗೂ ಗೊತ್ತಾಗಿತ್ತು, ಮುಖ್ಯಸ್ಥನೊಬ್ಬನನ್ನುಳಿದು. ಸಭೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳಿದವನಿಗೆ "ನಿನ್ನಲ್ಲಿ ಉತ್ಸಾಹವಿಲ್ಲ" ಎಂಬ ಬಿರುದು ದೊರಕಿತು. ಅಂದಿನಿಂದ ದಿನವೂ ಬೆಳಿಗ್ಗೆ ಎಲ್ಲರೂ "ಎಲ್ಲವೂ ಸರಿಯಾಗಿದೆ" ಎಂದು ವರದಿ ಒಪ್ಪಿಸಿದರು. ಗಡುವಿಗೆ ಎರಡು ವಾರವಿರುವಾಗ ಸತ್ಯ ಹೊರಬಿತ್ತು. ಮೇಲಿನವರು ಗಾಬರಿಯಿಂದ ಇನ್ನೂ ನಾಲ್ವರನ್ನು ತಂದು ಸೇರಿಸಿದರು. ಕೆಲಸ ಮತ್ತಷ್ಟು ತಡವಾಯಿತು.

ಇದು ಹೊಸ ಕಥೆಯಲ್ಲ. ಐಬಿಎಂ ಕಂಪನಿಯಲ್ಲಿ 1960ರ ದಶಕದಲ್ಲಿ ಓಎಸ್/360 ಎಂಬ ಬೃಹತ್ ತಂತ್ರಾಂಶದ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್ ಅವರು 1975ರಲ್ಲಿ ಪ್ರಕಟಿಸಿದ 'ದಿ ಮಿಥಿಕಲ್ ಮ್ಯಾನ್-ಮಂತ್' ಗ್ರಂಥದಲ್ಲಿ ಇದನ್ನೇ ವಿವರಿಸಿದ್ದಾರೆ. ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ. ಹೊಸಬರಿಗೆ ಕಲಿಸುವವರು ಹಳಬರೇ ಆದ್ದರಿಂದ ಅವರ ಕೈಕೆಲಸ ನಿಲ್ಲುತ್ತದೆ. ಮೇಲಾಗಿ ಐವರ ನಡುವೆ ಹತ್ತು ಜೋಡಿ ಮಾತುಕತೆ ಸಾಕು. ಹತ್ತು ಮಂದಿಯಾದರೆ ನಲವತ್ತೈದು ಜೋಡಿ. ಕಂದಕ ಅಗೆಯುವುದಕ್ಕೆ ಹೊಂದುವ ಲೆಕ್ಕ ಇದಕ್ಕೆ ಹೊಂದುವುದಿಲ್ಲ.

ನಮ್ಮ ಹಿರಿಯ ಗಣಿಗಾರರು ಇದನ್ನು ಬೇರೆ ದಾರಿಯಿಂದ ಬಲ್ಲವರು. ಮೂರು ಸಾವಿರ ಮೀಟರಿಗೂ ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್ ಗಣಿಯಲ್ಲಿ ಬಂಡೆ ತನ್ನ ಒತ್ತಡವನ್ನು ಹೊರಗೆ ತೋರದೆ ಒಳಗೇ ತುಂಬಿಕೊಂಡು ಒಮ್ಮೆಗೇ ಸಿಡಿಯುತ್ತಿತ್ತು. ಆ ಶಿಲಾಸ್ಫೋಟದ ಅದುರು ಮೇಲಿನ ಮನೆಗಳಿಗೂ ತಿಳಿಯುತ್ತಿತ್ತು. ಗಣಿಗಾರನು ಕೆಲಸಕ್ಕೆ ತೊಡಗುವ ಮುನ್ನ ತಲೆಯ ಮೇಲಿನ ಬಂಡೆಯನ್ನು ಸರಳಿನಿಂದ ತಟ್ಟಿ ನಾದವನ್ನು ಆಲಿಸುವನು. ಗಟ್ಟಿ ಬಂಡೆಯ ದನಿ ಬೇರೆ, ಸಡಿಲ ಬಂಡೆಯ ಪೊಳ್ಳು ದನಿ ಬೇರೆ. ಆ ದನಿ ಮೊದಲು ಕೇಳುವುದು ಕೊನೆಯ ತುದಿಯಲ್ಲಿ ನಿಂತವನಿಗೆ, ಮೇಲಿನ ಕಚೇರಿಯಲ್ಲಿ ಕುಳಿತ ದೊರೆಗಲ್ಲ.

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠಗಳಿಗಾಗಿ ಬರೆದ ನಿಯಮಾವಳಿಯ ಮೂರನೆಯ ಅಧ್ಯಾಯದಲ್ಲಿ ಒಂದು ವ್ಯವಸ್ಥೆಯಿದೆ. ಮುಖ್ಯ ವಿಷಯವೊಂದು ಎದುರಾದಾಗ ಮಠಾಧಿಪತಿ ಎಲ್ಲ ಸನ್ಯಾಸಿಗಳನ್ನೂ ಕರೆದು ಕೇಳಬೇಕು. ಉತ್ತಮವಾದುದನ್ನು ದೇವರು ಅನೇಕ ವೇಳೆ ಅತ್ಯಂತ ಕಿರಿಯನಿಗೆ ತಿಳಿಯಪಡಿಸುತ್ತಾರೆಂಬುದು ಅದಕ್ಕೆ ಅವರು ಕೊಡುವ ಕಾರಣ. ಗಮನಿಸಿ, ಮತ ಎಣಿಸಿರೆಂದು ಅವರು ಹೇಳಲಿಲ್ಲ. ಎಲ್ಲರ ಮಾತನ್ನು ಕೇಳಿ, ತನ್ನೊಳಗೆ ತೂಗಿ, ತೀರ್ಮಾನದ ಹೊಣೆಯನ್ನು ಮಠಾಧಿಪತಿಯೇ ಹೊರಬೇಕು. ಈಚಿನ ಕೆಲವು ತಂಡಗಳಲ್ಲಿ ಇದು ತಲೆಕೆಳಗಾಗಿದೆ: ತೀರ್ಮಾನ ಮುಖ್ಯಸ್ಥನದು, ಸೋತರೆ ಹೊಣೆ ಎಲ್ಲರದು. ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣದ ಅಂಗಗಳನ್ನು ಹೇಳುವಾಗ ಕಲಿಯುವ ವಿಧೇಯತೆಯನ್ನೂ ಸೇರಿಸಿ, ಹಿರಿಯರಿಗೂ ಪಂಡಿತರಿಗೂ ಅದು ಬೇಕೆಂದು ವಾದಿಸಿದ್ದಾರೆ. ಇಪ್ಪತ್ತೆರಡು ವರ್ಷದ ಹುಡುಗಿಯಿಂದ ಹೊಸ ಭಾಷೆಯೊಂದನ್ನು ಕಲಿಯಲು ನಾಚುವ ನಲವತ್ತರ ಮುಖ್ಯಸ್ಥ ಇದನ್ನು ಓದಬೇಕು.

ಇನ್ನು ನಿಗಾ ಇಡುವ ವಿಚಾರ. 2020ರ ನಂತರ ಮನೆಯಿಂದಲೇ ದುಡಿಯುವ ಪದ್ಧತಿ ಹರಡಿದ ಮೇಲೆ, ನೌಕರನು ಕೀಲಿಮಣೆ ಒತ್ತುತ್ತಿದ್ದಾನೆಯೇ, ತೆರೆಯ ಮೇಲೆ ಏನಿದೆ ಎಂದು ಗುಟ್ಟಾಗಿ ಅಳೆಯುವ ತಂತ್ರಾಂಶಗಳೂ ಬಳಕೆಗೆ ಬಂದಿವೆ. ಇವನ್ನು ಅಳವಡಿಸುವ ಮೊದಲು ಕೆ.ಜಿ.ಎಫ್.ನ ಚರಿತ್ರೆಯ ಒಂದು ಪುಟ ತಿರುವಬೇಕು. 1930ರಲ್ಲಿ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವ ಯೋಜನೆಯನ್ನು ವಿರೋಧಿಸಿ ಇಲ್ಲಿನ ಸಾವಿರಾರು ಗಣಿಗಾರರು ಕೆಲಸ ನಿಲ್ಲಿಸಿದರು. ಅಪಾಯವನ್ನೂ ಬಿಸಿಯನ್ನೂ ಸಹಿಸಿದ್ದ ಜನ ಅವರು. ತಮ್ಮನ್ನು ಅಪರಾಧಿಗಳಂತೆ ಕಾಣುವುದನ್ನು ಸಹಿಸಲಿಲ್ಲ. ಅವರ ಮರಿಮಕ್ಕಳು ಮುಷ್ಕರ ಹೂಡುವುದಿಲ್ಲ. ಸದ್ದಿಲ್ಲದೆ ಬೇರೆ ಕಂಪನಿಗೆ ಹೋಗುತ್ತಾರೆ.

ತಂಡದವರು ಬಿಟ್ಟುಹೋಗುತ್ತಿದ್ದಾರೆಂದು ಅಳಲು ತೋಡಿಕೊಳ್ಳುವವರಿಗೆ ನಾನು ವಿಮೋಚನಾಕಾಂಡದ ಹದಿನೆಂಟನೆಯ ಅಧ್ಯಾಯವನ್ನು ಓದಲು ಹೇಳುವುದುಂಟು. ಬೆಳಗಿನಿಂದ ಸಂಜೆಯವರೆಗೆ ಎಲ್ಲ ವ್ಯಾಜ್ಯಗಳನ್ನೂ ತಾನೊಬ್ಬನೇ ಬಗೆಹರಿಸುತ್ತಿದ್ದ ಮೋಶೆಯನ್ನು ಕಂಡು ಮಾವ ಇತ್ರೋ ಹೀಗೆ ಮಾಡಿದರೆ ನೀನೂ ಬಳಲುವೆ, ಜನರೂ ಬಳಲುವರು ಎಂಬರ್ಥದ ಬುದ್ಧಿ ಹೇಳುತ್ತಾನೆ. ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬ ನಾಯಕನನ್ನು ನೇಮಿಸಲು ಸೂಚಿಸುತ್ತಾನೆ. ಸಣ್ಣ ವ್ಯಾಜ್ಯ ಅವರಲ್ಲೇ ತೀರಬೇಕು. ಪೋಪ್ ಹನ್ನೊಂದನೇ ಪಿಯುಸ್ ಅವರು 1931ರ ವಿಶ್ವಪತ್ರದಲ್ಲಿ ಮಂಡಿಸಿದ ತತ್ತ್ವವೂ ಇದಕ್ಕೆ ಸಮೀಪದ್ದೇ: ಕೆಳಗಿನವರು ತಾವೇ ಮಾಡಬಲ್ಲ ಕಾರ್ಯವನ್ನು ಮೇಲಿನವರು ಕಸಿದುಕೊಳ್ಳುವುದು ಅನ್ಯಾಯ. ಅನುಕೂಲ ಅನಾನುಕೂಲದ ಪ್ರಶ್ನೆಯೆಂದು ಬಿಡದೆ ಅದನ್ನು ನ್ಯಾಯದ ಪ್ರಶ್ನೆಯಾಗಿಯೇ ಅವರು ನೋಡಿದರು. ಪ್ರತಿಯೊಂದು ಸಾಲನ್ನೂ ತಾನೇ ತಿದ್ದುವ ಮುಖ್ಯಸ್ಥನು ಗುಣಮಟ್ಟ ಕಾಯುತ್ತಿದ್ದೇನೆಂದು ಭಾವಿಸುತ್ತಾನೆ. ತಂಡದವರಿಗೆ ಅದು ತಮ್ಮ ವಿವೇಕದ ಕಳವು.

ಕೊನೆಯದಾಗಿ ಕಾಲಾವಧಿಯ ಮಾತು, ಏಕೆಂದರೆ ನಮ್ಮ ಮನೆಗಳನ್ನು ನೇರವಾಗಿ ತಟ್ಟುವುದು ಅದೇ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಹಸಂಸ್ಥಾಪಕ ಎನ್.ಆರ್. ನಾರಾಯಣ ಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಅವರ ಸಾಧನೆಯ ಬಗ್ಗೆ ನನಗೆ ಗೌರವವಿದೆ. ಈ ಮಾತನ್ನು ಒಪ್ಪಲಾರೆ. 1952ರ ಗಣಿ ಕಾಯಿದೆಯೇ ಭೂಗರ್ಭದ ಕಾರ್ಮಿಕನ ವಾರದ ಸಾಮಾನ್ಯ ಕೆಲಸಕ್ಕೆ 48 ಗಂಟೆಯ ಮಿತಿ ಹಾಕಿತ್ತು. ಬಂಡೆ ಒಡೆಯುವವನ ದಣಿವು ಕಣ್ಣಿಗೆ ಕಾಣುತ್ತದೆ, ಯೋಚಿಸುವವನದು ಕಾಣುವುದಿಲ್ಲ. ದಣಿದ ತಲೆ ಇಂದು ಬರೆದ ತಪ್ಪನ್ನು ನಾಳೆ ಮತ್ತೊಬ್ಬ ಕುಳಿತು ಹುಡುಕಬೇಕು. ಆ 70 ಗಂಟೆಗಳಿಗೆ ಮಾರಿಕುಪ್ಪದ ರೈಲಿನಲ್ಲಿ ಹೋಗಿಬರುವ ಹೊತ್ತನ್ನು ಕೂಡಿಸಿ ನೋಡಿ. ಸಬ್ಬತ್ ವಿಶ್ರಾಂತಿಯ ಆಜ್ಞೆ ದಾಸದಾಸಿಯರನ್ನೂ ಪರದೇಶಿಯನ್ನೂ ಹೆಸರಿಸುತ್ತದೆ, ಯಜಮಾನನೊಬ್ಬನನ್ನಲ್ಲ. ಸಂಜೆ ಸಭೆ ಕರೆಯುವ ಮುಖ್ಯಸ್ಥನು ತನ್ನ ತಂಡದಲ್ಲಿ ಯಾರು ಯಾವ ರೈಲು ಹಿಡಿಯಬೇಕೆಂದು ಒಮ್ಮೆ ಕೇಳಿ ತಿಳಿದುಕೊಂಡರೆ, ಮರುದಿನ ಬೆಳಗಿನ ವರದಿಯಲ್ಲಿ ಅವನಿಗೆ ನಿಜ ಕೇಳಿಸುವ ಸಂಭವ ಹೆಚ್ಚು.