ಕರೆಂಟು ಹೋದರೆ ಸಾಯುವ ಫೋನಿಗೆ ಲ್ಯಾಂಡ್‌ಲೈನ್ ಅನ್ನಬೇಡಿ!

ಎಲ್ಲರೂ ಊರಿನ ಮನೆಗೆ ಫೈಬರ್ ಹಾಕಿಸ್ತಾ ಇದ್ದೀರಿ. ಸಂತೋಷ. ನಾನೂ ಹಾಕಿಸಿದ್ದೇನೆ. ವಿಡಿಯೋ ಕಾಲಿನಲ್ಲಿ ಅಪ್ಪನ ಮುಖ ತುಂಡು ತುಂಡಾಗಿ ಕಾಣಿಸೋ ಕಾಲ ಹೋಯ್ತು. ಇಂಟರ್ನೆಟ್ಟಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರೋದು ಅದೇ ಡಬ್ಬಿಯ ಹಿಂದೆ ಸಿಕ್ಕಿಸಿ ಕೊಡ್ತಾರಲ್ಲ, ಆ ಫೋನಿನ ಬಗ್ಗೆ. "ಹಳೇ ಫೋನೇ ಸಾಕು ಸಾರ್, ಏನೂ ಬದಲಾಗಲ್ಲ" ಅಂತ ಹೇಳಿ ಸಹಿ ಹಾಕಿಸ್ಕೊಂಡು ಹೋಗ್ತಾರೆ. ಏನೂ ಬದಲಾಗಲ್ವಾ? ಎಲ್ಲಕ್ಕಿಂತ ಮುಖ್ಯವಾದದ್ದೇ ಬದಲಾಗಿರುತ್ತೆ ಸ್ವಾಮಿ!

ಹಳೇ ಫೋನಿಗೆ ಕರೆಂಟು ಎಲ್ಲಿಂದ ಬರ್ತಿತ್ತು ಅಂತ ಯಾವತ್ತಾದರೂ ಯೋಚಿಸಿದ್ದೀರಾ? ನಮ್ಮ ಮನೆಯಿಂದ ಅಲ್ಲ, ಎಕ್ಸ್‌ಚೇಂಜಿನಿಂದ. ಅಲ್ಲಿ ಸಾಲಾಗಿ ಜೋಡಿಸಿದ ಬ್ಯಾಟರಿಗಳಿಂದ 48 ವೋಲ್ಟ್ ವಿದ್ಯುತ್ತು ಅದೇ ತಾಮ್ರದ ತಂತಿಯಲ್ಲಿ ನಮ್ಮ ಮನೆವರೆಗೆ ಹರಿದು ಬರ್ತಿತ್ತು. ಬ್ಯಾಟರಿ ಇಳಿದರೆ ಅಂತ ಜನರೇಟರ್ ಇಟ್ಟಿರ್ತಿದ್ದರು. ಹಾಗಾಗಿಯೇ ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಊರಿಗೆ ಊರೇ ಕತ್ತಲಲ್ಲಿದ್ದರೂ, ಫೋನಿನ ತಂತಿ ತುಂಡಾಗದಿದ್ದರೆ ರಿಸೀವರ್ ಎತ್ತಿದಾಗ ಡಯಲ್ ಟೋನ್ ಕೇಳಿಸ್ತಿತ್ತು.

ಫೈಬರ್ ಅಂದರೆ ಗಾಜಿನ ಎಳೆ. ಅದರಲ್ಲಿ ಬೆಳಕು ಹರಿಯುತ್ತೆ, ವಿದ್ಯುತ್ ಹರಿಯಲ್ಲ. ಬೆಳಕನ್ನ ಮಾತಾಗಿ ಬದಲಾಯಿಸೋ ಡಬ್ಬಿಗೆ, ಅಂದರೆ ಕಂಪನಿಯವರು ಓಎನ್‌ಟಿ ಅನ್ನೋ, ನಾವು ನೀವು ಮೋಡೆಮ್ ಅನ್ನೋ ಡಬ್ಬಿಗೆ, ನಮ್ಮ ಮನೆಯ ಕರೆಂಟೇ ಬೇಕು. ಸಾಮಾನ್ಯವಾಗಿ 12 ವೋಲ್ಟಿನ ಒಂದು ಅಡಾಪ್ಟರು. ಕರೆಂಟ್ ಹೋಯ್ತಾ, ಡಬ್ಬಿ ಸತ್ತಿತು. ಅದರ ಜೊತೆಗೆ ಫೋನೂ ಸತ್ತಿತು. 108 ಕ್ಕೂ ಇಲ್ಲ, 112 ಕ್ಕೂ ಇಲ್ಲ.

ನಮ್ಮ ಮನೆಗೆ ಹಾಕೋಕೆ ಬಂದ ಹುಡುಗನಿಗೆ ಇದನ್ನೇ ಕೇಳಿದೆ. "ಮೊಬೈಲ್ ಇದೆಯಲ್ಲ ಸಾರ್" ಅಂದ. ಅವನ ತಪ್ಪಲ್ಲ ಬಿಡಿ, ಅವನಿಗೆ ಹೇಳಿಕೊಟ್ಟದ್ದು ಅಷ್ಟೇ. ಆದರೆ ಈ ಮಾತನ್ನ ನಮ್ಮಲ್ಲೇ ಎಷ್ಟು ಜನ ಹೇಳ್ತೀರಿ! ಬೆಂಗಳೂರಲ್ಲಿ ಕೂತು ಹೇಳೋದು ಸುಲಭ. ಹೊಸನಗರದ ಕಡೆಯೋ, ಶಿರಸಿಯ ಘಟ್ಟದ ಕೆಳಗೋ ಗುಡ್ಡದ ಮಗ್ಗುಲಿನ ಒಂಟಿ ಮನೆಗೆ ಹೋಗಿ ನೋಡಿ. ಒಂದು ಕಡ್ಡಿ ಸಿಗ್ನಲ್ ಬೇಕಂದ್ರೆ ಗೇಟಿನ ಹತ್ತಿರ ಹೋಗಿ ನಿಲ್ಲಬೇಕು. ವೈಫೈ ಕಾಲಿಂಗ್ ಅಂತೀರಾ? ಅದೂ ಅದೇ ಸತ್ತ ಡಬ್ಬಿಯ ಮೂಲಕವೇ ಹೋಗಬೇಕು. ಟವರಿಗೂ ಕರೆಂಟ್ ಬೇಕು. ಅದರ ಬ್ಯಾಟರಿ, ಡೀಸೆಲ್ಲು ಮುಗಿದರೆ ಅದೂ ಮೌನ. ರಾತ್ರಿ ಎರಡು ಗಂಟೆಗೆ ಅಪ್ಪನಿಗೆ ಎದೆನೋವು ಬಂದರೆ ಅಮ್ಮ ಟಾರ್ಚ್ ಹಿಡ್ಕೊಂಡು ಸಿಗ್ನಲ್ ಹುಡುಕ್ತಾ ಗೇಟಿಗೆ ಹೋಗಬೇಕೇ?

ನಾನು ತಾಮ್ರದ ತಂತಿಯ ಭಜನೆ ಮಾಡ್ತಾ ಇಲ್ಲ. ಮಳೆ ಬಂದರೆ ಗರಗರ ಅನ್ನೋ ಲೈನು, ಕದ್ದು ಹೋಗುವ ಕೇಬಲ್ಲು, ಗುಡುಗು ಕೇಳಿದ ಕೂಡಲೇ ಓಡಿ ಹೋಗಿ ಕೀಳುತ್ತಿದ್ದ ಫೋನ್ ಪಿನ್ನು... ಎಲ್ಲಾ ನೋಡಿದ್ದೇವೆ. ತಾಮ್ರದಂತೆ ಗಾಜಿನ ಎಳೆ ಸಿಡಿಲನ್ನ ಹೊತ್ತು ತರಲ್ಲ. ಫೈಬರ್ ಬರಲಿ. ನನ್ನ ಜಗಳ ಸತ್ಯ ಮುಚ್ಚಿಡೋದರ ಬಗ್ಗೆ.

ಬೇರೆ ದೇಶಗಳಲ್ಲಿ ಇದನ್ನ ಹೀಗೆ ಗಾಳಿಗೆ ಬಿಡಲಿಲ್ಲ. ಅಮೆರಿಕದ ಎಫ್‌ಸಿಸಿ 2015ರಲ್ಲಿ ನಿಯಮ ಮಾಡಿತು: ಇಂಥಾ ಫೋನು ಕೊಡುವ ಕಂಪನಿ ಕರೆಂಟ್ ಹೋದರೆ ಏನಾಗುತ್ತೆ ಅಂತ ಗ್ರಾಹಕರಿಗೆ ತಿಳಿಸಬೇಕು, ಕೇಳಿದವರಿಗೆ 8 ಗಂಟೆಯ ಬ್ಯಾಕಪ್ಪು ಮಾರಬೇಕು, ಮೂರು ವರ್ಷದೊಳಗೆ 24 ಗಂಟೆಯದ್ದೂ ಇಡಬೇಕು ಅಂತ. ಬ್ರಿಟನ್ನಿನ ಆಫ್‌ಕಾಮ್ 2018ರಲ್ಲಿ ಲ್ಯಾಂಡ್‌ಲೈನನ್ನೇ ನಂಬಿದವರಿಗೆ ಕರೆಂಟ್ ಹೋದಾಗ ಕನಿಷ್ಠ 1 ಗಂಟೆ ತುರ್ತು ಕರೆ ಮಾಡೋ ವ್ಯವಸ್ಥೆ ಇರಬೇಕು, ಅದೂ ಉಚಿತವಾಗಿ, ಅಂತ ಹೇಳಿತು. ಒಂದು ಗಂಟೆ ನಮ್ಮ ಮಲೆನಾಡಿನ ಆಷಾಢಕ್ಕೆ ಏನೇನೂ ಸಾಲದು. ಆದರೂ ಅಲ್ಲಿ ಪ್ರಶ್ನೆಯನ್ನಾದರೂ ಕೇಳಿದರು!

ಇನ್ನು ಮನೆಯೊಳಗಿನ ವೈರಿಂಗಿನ ಕತೆ. ಬಂದವರು ಕೇಬಲ್ ಎಲ್ಲಿ ಮುಟ್ಟುತ್ತೋ ಅಲ್ಲೇ, ಅಂದರೆ ಕಿಟಕಿ ಪಕ್ಕ ಅಥವಾ ಟಿವಿ ಪಕ್ಕ, ಡಬ್ಬಿಗೆ ಮೊಳೆ ಹೊಡೀತಾರೆ. ಹತ್ತಿರದ ಸಾಕೆಟ್ಟಿಗೆ ಅಡಾಪ್ಟರ್ ಚುಚ್ಚುತಾರೆ. ಮನೆಯಲ್ಲಿ ಇನ್ವರ್ಟರ್ ಇರುತ್ತೆ, ಆದರೆ ಆ ಸಾಕೆಟ್ಟು ಇನ್ವರ್ಟರ್ ಲೈನಿನಲ್ಲಿ ಇರಲ್ಲ! ದೀಪ ಉರೀತಾ ಇರುತ್ತೆ, ಫ್ಯಾನ್ ತಿರುಗ್ತಾ ಇರುತ್ತೆ, ಫೋನ್ ಮಾತ್ರ ಸತ್ತಿರುತ್ತೆ. ಎಲೆಕ್ಟ್ರಿಷಿಯನ್ನನ್ನ ಕರೆಸಿ ಒಂದು ಪಾಯಿಂಟ್ ಬದಲಾಯಿಸಿದರೆ ಮುಗಿಯೋ ಕೆಲಸ. ಕೋಣೆಯಲ್ಲಿ ಹಾಸಿಗೆ ಪಕ್ಕ ಇದ್ದ ಹಳೇ ಎಕ್ಸ್‌ಟೆನ್ಷನ್ ಫೋನನ್ನೂ "ಇನ್ನು ಬರಲ್ಲ ಸಾರ್" ಅಂತ ಕಿತ್ತಿಡ್ತಾರೆ. ಸುಳ್ಳು. ಹೊರಗಿನ ತಾಮ್ರದ ಲೈನನ್ನ ಪೂರ್ತಿ ಬೇರೆ ಮಾಡಿ, ಡಬ್ಬಿಯ ಫೋನ್ ಪೋರ್ಟನ್ನ ಮನೆಯ ಹಳೇ ವೈರಿಂಗಿಗೆ ಸೇರಿಸಿದರೆ ಆ ಫೋನೂ ಬಾರಿಸುತ್ತೆ. ಇನ್ನೊಂದು: ಕಾರ್ಡ್‌ಲೆಸ್ ಫೋನು ಬೇಡ, ಅದರ ಬುಡಕ್ಕೂ ಬೇರೆ ಕರೆಂಟ್ ಬೇಕು. ವೈರಿರೋ ಹಳೇ ಫೋನೇ ಇರಲಿ.

ಇನ್ವರ್ಟರ್ ಇಲ್ಲದವರಿಗೆ ಅಂಗಡಿಯಲ್ಲಿ ಮಿನಿ ಯುಪಿಎಸ್ ಸಿಗುತ್ತೆ. ಮೇಲೆ 8000 ಎಂಎಎಚ್ ಅಂತ ದೊಡ್ಡದಾಗಿ ಬರೆದಿದ್ದರೆ ಮರುಳಾಗಬೇಡಿ. ಸಾಮಾನ್ಯವಾಗಿ ಅದು ಒಳಗಿನ 3.7 ವೋಲ್ಟಿನ ಸೆಲ್ಲಿನ ಲೆಕ್ಕ. ಗುಣಿಸಿದರೆ ಸುಮಾರು 30 ವ್ಯಾಟ್-ಅವರ್. ನಿಮ್ಮ ಡಬ್ಬಿ 10 ವ್ಯಾಟ್ ತಿಂದರೆ ಹೆಚ್ಚೆಂದರೆ 3 ಗಂಟೆ. ರಾತ್ರಿಯ 8 ಗಂಟೆ ಕಳೀಬೇಕಂದ್ರೆ 80 ವ್ಯಾಟ್-ಅವರ್ ಮೇಲೆ ಬೇಕು. ತಗೊಳ್ಳೋ ಮುಂಚೆ ವೋಲ್ಟೇಜು, ಪಿನ್ನು ಹೊಂದುತ್ತಾ ನೋಡಿ.

ಆದರೆ ನಾವು ಮಾಡಿಕೊಂಡರೆ ಅರ್ಧ ಮಾತ್ರ. ದಾರಿಯ ನಡುವಿನ ಸ್ಪ್ಲಿಟರಿಗೆ ಕರೆಂಟ್ ಬೇಡ, ನಿಜ. ಆ ತುದಿಯ ಯಂತ್ರಕ್ಕೆ ಬೇಕಲ್ಲ? ಹಳ್ಳಿ ಕಡೆ ಎಷ್ಟೋ ಸಲ ಅದು ಕೇಬಲ್ ಆಪರೇಟರನ ಕೋಣೆಯಲ್ಲಿ ಇರುತ್ತೆ. ಅಲ್ಲಿನ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತೆ ಅಂತ ಕೇಳೋದು ನಮ್ಮ ಹಕ್ಕು.

ನನ್ನ ಬೇಡಿಕೆ ಮೂರೇ. ಅರ್ಜಿಯಲ್ಲಿ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, "ವಿದ್ಯುತ್ ಇಲ್ಲದಿದ್ದರೆ ಈ ಫೋನು ಕೆಲಸ ಮಾಡುವುದಿಲ್ಲ" ಅಂತ ಬರೀಲಿ. ಡಬ್ಬಿಯ ಜೊತೆಗೇ ಒಂದು ರಾತ್ರಿ ಕಳೆಯೋ ಬ್ಯಾಟರಿಯನ್ನ ನ್ಯಾಯವಾದ ಬೆಲೆಗೆ ಕೊಡಲಿ. ಆ ತುದಿಯ ಬ್ಯಾಕಪ್ ಎಷ್ಟು ಗಂಟೆ ಅಂತ ಹೇಳಲಿ. ಇಷ್ಟನ್ನೂ ಮಾಡೋಕಾಗದಿದ್ದರೆ ಅದಕ್ಕೆ ಲ್ಯಾಂಡ್‌ಲೈನ್ ಅನ್ನೋ ಹೆಸರು ಬೇಡ.

ಈ ವಾರ ಊರಿಗೆ ಫೋನ್ ಮಾಡಿದಾಗ ಒಂದು ಕೆಲಸ ಮಾಡಿ: ಮೇನ್ ಸ್ವಿಚ್ ಆಫ್ ಮಾಡಿ, ರಿಸೀವರ್ ಎತ್ತಿ ನೋಡೋಕೆ ಹೇಳಿ. ಟೋನ್ ಬಂತಾ ಇಲ್ವಾ, ಇಲ್ಲಿ ಬರೀರಿ.