ಮೂತ್ರನಳಿಕೆ: ತಂದೆಯೂ ಕಲಿಯಲಿ

ಸ್ಪೈನಾ ಬೈಫಿಡಾ ಎಂಬ ಬೆನ್ನುಹುರಿಯ ದೋಷದೊಂದಿಗೆ ಹುಟ್ಟಿದ ಅನೇಕ ಮಕ್ಕಳಿಗೆ ಮೂತ್ರ ತುಂಬಿದ ಅರಿವಾಗುವುದಿಲ್ಲ, ಮೂತ್ರಚೀಲ ತಾನಾಗಿ ಪೂರ್ತಿ ಖಾಲಿಯೂ ಆಗುವುದಿಲ್ಲ. ಉಳಿದ ಮೂತ್ರದಲ್ಲಿ ಸೋಂಕು ಬೆಳೆಯುತ್ತದೆ. ಒತ್ತಡ ಹೆಚ್ಚಿ ಅದು ಹಿಂದಕ್ಕೆ ಹರಿದರೆ ಕಿಡ್ನಿಯೇ ಹಾಳಾಗುತ್ತದೆ. ಅದಕ್ಕಾಗಿಯೇ ದಿನಕ್ಕೆ ನಾಲ್ಕೈದು ಸಲ ತೆಳುವಾದ ನಳಿಕೆ ಹಾಕಿ ಮೂತ್ರ ತೆಗೆಯುವುದನ್ನು ಆಸ್ಪತ್ರೆಯಲ್ಲಿ ಮನೆಯವರಿಗೆ ಕಲಿಸುತ್ತಾರೆ.

"ಡಾಕ್ಟ್ರೇ, ಈ ನಳಿಕೆ ತಪ್ಪಿಸುವ ಕಷಾಯ ಏನಾದ್ರೂ ಇದೆಯಾ?" ಎಂದು ತಾಯಂದಿರು ನನ್ನಲ್ಲಿ ಕೇಳುತ್ತಾರೆ. ಇಲ್ಲ. ಮೂತ್ರ ಹೆಚ್ಚಿಸುವ ಮದ್ದುಗಳು ಯುನಾನಿಯಲ್ಲಿ ಬೇಕಾದಷ್ಟಿವೆ. ಆದರೆ ಇಲ್ಲಿ ಅವನ್ನು ಕೊಡುವುದೆಂದರೆ ಬಚ್ಚಲ ಮೋರಿ ಕಟ್ಟಿಕೊಂಡಿರುವಾಗ ಮೇಲಿನಿಂದ ಇನ್ನೆರಡು ಕೊಡ ನೀರು ಸುರಿದಂತೆ. ನಳಿಕೆ ನಮ್ಮ ವೈದ್ಯಕ್ಕೆ ಹೊಸತೂ ಅಲ್ಲ. ಸಾವಿರ ವರ್ಷಗಳ ಹಿಂದೆಯೇ ಸ್ಪೇನಿನ ಅಲ್ ಝಹ್ರಾವಿ ತಮ್ಮ 'ಅತ್ತಸ್ರೀಫ್' ಗ್ರಂಥದಲ್ಲಿ ಬೆಳ್ಳಿಯ ಮೂತ್ರನಳಿಕೆಯನ್ನು ವರ್ಣಿಸಿದ್ದಾರೆ.

ಇದಕ್ಕೆ ಆಪರೇಷನ್ ಥಿಯೇಟರಿನ ಮಡಿ ಬೇಕಿಲ್ಲ, ಮನೆಯ ಶುಚಿತ್ವ ಸಾಕು ಎಂದು ಅಮೆರಿಕದ ಡಾ. ಜ್ಯಾಕ್ ಲ್ಯಾಪಿಡ್ಸ್ 1972ರಲ್ಲೇ ತೋರಿಸಿಕೊಟ್ಟರು. ಹೊತ್ತು ತಪ್ಪದೆ ಖಾಲಿ ಮಾಡುವುದೇ ಮುಖ್ಯ. ಸಾಬೂನಿನಿಂದ ಕೈ ತೊಳೆಯಿರಿ. ಹೆಣ್ಣುಮಗುವನ್ನು ಮುಂದಿನಿಂದ ಹಿಂದಕ್ಕೆ ಒರೆಸಿ. ನಳಿಕೆಗೆ ಜೆಲ್ಲಿ ಹಚ್ಚಿ. ತಡೆ ಸಿಕ್ಕರೆ ಬಲವಂತ ಬೇಡ, ಮಗು ಉಸಿರು ಬಿಟ್ಟು ಸಡಿಲವಾಗಲಿ. ಈ ಮಕ್ಕಳಲ್ಲಿ ಲ್ಯಾಟೆಕ್ಸ್ ಅಲರ್ಜಿ ಹೆಚ್ಚು, ಆದ್ದರಿಂದ ಲ್ಯಾಟೆಕ್ಸ್ ರಬ್ಬರಿನ ನಳಿಕೆ, ಕೈಗವಸು ಬಳಸಬೇಡಿ. ತೊಳೆದು ಮತ್ತೆ ಬಳಸುವ ವಿಚಾರವನ್ನು ಯೂರಾಲಜಿಸ್ಟರಲ್ಲೇ ಕೇಳಿ. ಜ್ವರ, ವಾಂತಿ, ಪಕ್ಕೆನೋವು ಬಂದರೆ ಮನೆಮದ್ದಿಗೆ ಕಾಯಬೇಡಿ, ನನ್ನಂಥವರ ಬಳಿಗೂ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಹೀಗಿರುವಾಗ ಈ ಕೆಲಸ ತಾಯಿಗೊಬ್ಬಳಿಗೇ ಏಕೆ ಅಂಟಿಕೊಂಡಿದೆ? ಆಕೆ ಜ್ವರ ಬಂದರೂ ಮಲಗುವಂತಿಲ್ಲ, ಒಂದು ರಾತ್ರಿ ತವರಿಗೆ ಹೋಗುವಂತಿಲ್ಲ. ಮದುವೆ ಮನೆಗಳಲ್ಲಿ ನೆಂಟರಿಗೆ ಗೊತ್ತಾಗದಿರಲೆಂದು ಒಂದು ಹೊತ್ತು ತಪ್ಪಿಸುತ್ತಾಳೆ. ಅಪಾಯ ನಳಿಕೆಯಲ್ಲಿಲ್ಲ, ಹೀಗೆ ತಪ್ಪಿದ ಹೊತ್ತಿನಲ್ಲಿದೆ. ತಂದೆ ಕಲಿಯಬೇಕು, ಅಜ್ಜಿಯೂ ಕಲಿಯಬಹುದು. ಕೈಬೆರಳು ಚುರುಕಾಗಿರುವ ಮಗು ಆರೇಳು ವರ್ಷಕ್ಕೆ ತಾನೇ ಕಲಿಯಲು ಶುರುಮಾಡುತ್ತದೆ.

ಶಾಲೆಯಲ್ಲಿ ಚಿಲಕವಿರುವ ಶೌಚಾಲಯ, ನೀರು, ವಿಷಯ ಗೊತ್ತಿರುವ ಒಬ್ಬ ಟೀಚರ್ ಇದ್ದರೆ ಸಾಕು. ಮದ್ರಸದ ಉಸ್ತಾದರಲ್ಲೂ ಒಂದು ವಿನಂತಿ: ಮೂತ್ರ ಜಿನುಗುವ ಮಗುವನ್ನು 'ನಜೀಸ್' ಎಂದು ಹಿಂದೆ ಕೂರಿಸಬೇಡಿ. ಮೂತ್ರ ನಿಲ್ಲದವರಿಗೆ ವುಝೂ, ನಮಾಝ್‌ಗಳಲ್ಲಿ ಫಿಕ್ಹ್ ಕೊಟ್ಟಿರುವ ರಿಯಾಯಿತಿ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅದನ್ನು ಆ ಮಗುವಿಗೂ ಅದರ ತಾಯಿಗೂ ನೀವೇ ಹೇಳಿಕೊಡಿ.